35ರ ಗೆರೆಯ ಆಚೆ: ತಡವಾದ ಬಸಿರಿಗೆ ಎಂಥ ಆರೈಕೆ ಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯ ಹೆಸರು ಬರೆದುಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆಗಳಲ್ಲಿ ವಯಸ್ಸೂ ಒಂದು. ಉತ್ತರ 35 ದಾಟಿದ್ದರೆ ಅಲ್ಲಿಂದ ಮುಂದೆ ಆಕೆಯ ದಾರಿಯೇ ಬೇರೆ. ಹೆಚ್ಚು ಅಪಾಯದ ಬಸುರಿಯರ ಪಟ್ಟಿಗೆ ಹೆಸರು ಸೇರುತ್ತದೆ, ತಾಯಿ ಕಾರ್ಡಿನ ಮೇಲೆ ಕೆಂಪು ಚೀಟಿ ಬೀಳುತ್ತದೆ, ತಾಲ್ಲೂಕು ಆಸ್ಪತ್ರೆಯ ತಜ್ಞರಿಗೆ ತೋರಿಸಿ ಎಂಬ ಸಲಹೆ ಬರುತ್ತದೆ. ನಗರದ ಖಾಸಗಿ ಆಸ್ಪತ್ರೆಯಲ್ಲಾದರೆ ಪರೀಕ್ಷೆಗಳ ಪಟ್ಟಿ ಉದ್ದವಾಗುತ್ತದೆ, ಸಿಸೇರಿಯನ್ ಮಾತು ಬೇಗನೆ ಬರುತ್ತದೆ. ನೆರೆಮನೆಯ 34ರ ಬಸುರಿಗೆ ಇಲ್ಲದ ಈ ಎಚ್ಚರ, ಅವಳಿಗಿಂತ ಕೆಲವೇ ತಿಂಗಳು ದೊಡ್ಡವಳಾದ ಇವಳಿಗೆ ಮಾತ್ರ ಏಕೆ?

ಈ ಪ್ರಶ್ನೆಗೆ ವೈದ್ಯಲೋಕದಲ್ಲಿ ಒಂದೇ ಉತ್ತರವಿಲ್ಲ. ಅಪಾಯ ಇರುವುದು ವಯಸ್ಸಿನಲ್ಲೇ ಎನ್ನುವವರಿದ್ದಾರೆ. ವಯಸ್ಸಿನ ಜೊತೆ ಸೇರಿಕೊಳ್ಳುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬಂಜೆತನದ ಚಿಕಿತ್ಸೆಗಳೇ ನಿಜವಾದ ಅಪಾಯ ಎನ್ನುವವರಿದ್ದಾರೆ. ಹೆದರಿಸುವ ಹಣೆಪಟ್ಟಿಯಿಂದಲೇ ಅರ್ಧ ಹಾನಿ ಎಂದು ವಾದಿಸುವವರೂ ಇದ್ದಾರೆ. ಮದುವೆ, ಓದು, ನೌಕರಿ, ಎರಡನೆಯ ಮದುವೆ, ಮಗುವಿನ ಅಗಲಿಕೆ, ವರ್ಷಗಟ್ಟಲೆ ನಡೆದ ಚಿಕಿತ್ಸೆ, ಹೀಗೆ ಹಲವು ಕಾರಣಗಳಿಂದ ತಡವಾಗಿ ತಾಯಿಯಾಗುವ ಹೆಣ್ಣುಮಕ್ಕಳು ನಮ್ಮ ನಡುವೆ ಹೆಚ್ಚುತ್ತಿದ್ದಾರೆ. ಆದ್ದರಿಂದ ಈ ವಾದಗಳನ್ನು ಒಂದೆಡೆ ಇಟ್ಟು ನೋಡುವ ಅಗತ್ಯವಿದೆ.

ಗೆರೆ ಬಂದ ದಾರಿ

ತಾಯಿಯ ವಯಸ್ಸಿಗೂ ಮಗುವಿನ ಸ್ಥಿತಿಗೂ ಇರುವ ನಂಟನ್ನು ಲೆಕ್ಕಹಾಕಿ ತೋರಿಸಿದವರು ಬ್ರಿಟನ್ನಿನ ಲಯನೆಲ್ ಪೆನ್ರೋಸ್. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ವಿವರಿಸಿದ್ದ ಸ್ಥಿತಿಯನ್ನು ಅವರು ಕುಟುಂಬ ಕುಟುಂಬವಾಗಿ ಪರಿಶೀಲಿಸಿದರು. ಅಲ್ಲಿ ಲೆಕ್ಕಕ್ಕೆ ಬರುವುದು ತಾಯಿಯ ವಯಸ್ಸು, ತಂದೆಯದಲ್ಲ ಎಂದು 1933ರಲ್ಲಿ ಪ್ರಕಟಿಸಿದರು. ಕಾರಣ ಗೊತ್ತಾಗಲು ಇನ್ನೂ ಕಾಲು ಶತಮಾನ ಬೇಕಾಯಿತು. 21ನೇ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಡೌನ್ ಸಿಂಡ್ರೋಮ್ ಬರುತ್ತದೆಂದು 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೇ ಮತ್ತು ರೇಮಂಡ್ ತುರ್ಪ್ಯಾಂ ತೋರಿಸಿಕೊಟ್ಟರು.

ಹೆರಿಗೆ ತಜ್ಞರು 35ಕ್ಕೆ ಬಂದದ್ದು ಬೇರೆ ದಾರಿಯಿಂದ. 35 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನಲ್ಲಿ ಚೊಚ್ಚಲ ಬಸಿರಾದವರನ್ನು ಪ್ರತ್ಯೇಕವಾಗಿ ಗುರುತಿಸಬೇಕೆಂದು ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟ 1958ರಲ್ಲಿ ಹೇಳಿತು. ಆಗಿನ ಆತಂಕ ಕಷ್ಟದ ಹೆರಿಗೆ, ರಕ್ತಸ್ರಾವ ಮತ್ತು ನಂಜಿನದು.

ಎರಡು ದಾರಿಗಳನ್ನು ಕೂಡಿಸಿದ್ದು ಗರ್ಭದ ನೀರಿನ ಪರೀಕ್ಷೆ. ಬಸುರಿಯ ಹೊಟ್ಟೆಗೆ ಸೂಜಿ ಚುಚ್ಚಿ ತೆಗೆದ ನೀರಿನಲ್ಲಿರುವ ಜೀವಕೋಶಗಳನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸಬಹುದೆಂದು ಮಾರ್ಕ್ ಸ್ಟೀಲ್ ಮತ್ತು ರಾಯ್ ಬ್ರೆಗ್ 1966ರಲ್ಲಿ ತೋರಿಸಿದರು. ಆದರೆ ಈ ಪರೀಕ್ಷೆಯಿಂದಲೇ ಕೆಲವೊಮ್ಮೆ ಗರ್ಭಪಾತವಾಗುತ್ತಿತ್ತು. ಆಗ ಅದರ ಅಂದಾಜು 200ಕ್ಕೆ ಒಂದು. ಪರೀಕ್ಷೆಯಿಂದ ಮಗುವನ್ನು ಕಳೆದುಕೊಳ್ಳುವ ಅಪಾಯಕ್ಕೂ ವರ್ಣತಂತುವಿನ ದೋಷ ಸಿಗುವ ಸಂಭವಕ್ಕೂ ಹೆಚ್ಚುಕಡಿಮೆ ಸರಿಹೋಗುವ ವಯಸ್ಸು ಯಾವುದು? ಇದ್ದ ಪ್ರಯೋಗಾಲಯಗಳು ಎಷ್ಟು ಮಂದಿಯ ಮಾದರಿಯನ್ನು ನೋಡಬಲ್ಲವು? ಈ ಎರಡು ಲೆಕ್ಕಗಳ ನಡುವೆ 1970ರ ದಶಕದ ಅಮೆರಿಕದಲ್ಲಿ 35 ಗಟ್ಟಿಯಾಯಿತು. ಆ ಕಾಲದ ತಂತ್ರ ಮತ್ತು ಸಾಮರ್ಥ್ಯಕ್ಕೆ ತಕ್ಕಂತೆ ಎಳೆದ ಗೆರೆ ಅದು. 35ನೇ ಹುಟ್ಟುಹಬ್ಬದ ದಿನ ದೇಹದಲ್ಲಿ ಏನೋ ಮುರಿದುಬೀಳುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅದೇ ಸಂಖ್ಯೆ ನಮ್ಮ ಕಾನೂನಿಗೂ ಬಂತು. ಲಿಂಗಪತ್ತೆ ತಡೆಯಲು ತಂದ 1994ರ ಪ್ರಸವಪೂರ್ವ ರೋಗಪತ್ತೆ ಕಾಯ್ದೆ ಗರ್ಭಸ್ಥ ಶಿಶುವಿನ ಪರೀಕ್ಷೆಗೆ ಒಪ್ಪುವ ಕಾರಣಗಳ ಪಟ್ಟಿ ಕೊಡುತ್ತದೆ. ಬಸುರಿಯ ವಯಸ್ಸು 35 ದಾಟಿರುವುದು ಅದರಲ್ಲಿ ಮೊದಲನೆಯದು. ಆದರೆ ಗೆರೆ ಹುಟ್ಟಿದ ದೇಶದಲ್ಲೇ ಅದು ಸಡಿಲವಾಯಿತು. ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಸುಧಾರಿಸಿದ ಮೇಲೆ, ವಯಸ್ಸು ಎಷ್ಟೇ ಇರಲಿ ಎಲ್ಲ ಬಸುರಿಯರಿಗೂ ತಪಾಸಣೆಯ ಅವಕಾಶ ಕೊಡಬೇಕೆಂದು ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2007ರಲ್ಲಿ ಹೇಳಿತು. ಡೆನ್ಮಾರ್ಕ್ 2004ರಲ್ಲೇ ಆ ದಾರಿ ಹಿಡಿದಿತ್ತು.

ಅಂದಿನ ತಾಯಿ, ಇಂದಿನ ತಾಯಿ

35 ದಾಟಿದ ಬಸುರಿಯರನ್ನೆಲ್ಲ ಒಂದೇ ಗುಂಪೆಂದು ನೋಡುವುದರಲ್ಲೇ ಒಂದು ತಪ್ಪಿದೆ. ನಮ್ಮ ಅಜ್ಜಿಯರ ಕಾಲದಲ್ಲೂ 40ರಲ್ಲಿ ಹೆರುವವರಿದ್ದರು. ಅತ್ತೆ ಸೊಸೆ ಇಬ್ಬರೂ ಒಂದೇ ವರ್ಷ ಬಾಣಂತಿಯರಾದ ಮನೆಗಳನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಆದರೆ ಆಕೆಗೆ ಅದು ಆರನೆಯದೋ ಎಂಟನೆಯದೋ ಹೆರಿಗೆ. ಅವಳ ಅಪಾಯ ರಕ್ತಹೀನತೆ, ಹಲವು ಹೆರಿಗೆಗಳಿಂದ ಬಸವಳಿದ ಗರ್ಭಕೋಶ, ಹೆತ್ತ ಮೇಲಿನ ರಕ್ತಸ್ರಾವ.

ಇಂದು ಆ ಚಿತ್ರ ಬದಲಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7ಕ್ಕೆ ಇಳಿದಿದೆ. ದೇಶದ ಸರಾಸರಿ 2.0. ಹೆಂಗಸರು ಕಡಿಮೆ ಹೆರುತ್ತಿದ್ದಾರೆ, ಕೆಲವರು ತಡವಾಗಿ ಹೆರುತ್ತಿದ್ದಾರೆ. ಬೆಂಗಳೂರಿನ ಕಚೇರಿಯಲ್ಲಿ ದುಡಿಯುವ 37ರ ಚೊಚ್ಚಲ ಬಸುರಿ ಒಬ್ಬಳು. 25ಕ್ಕೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಇದ್ದ ಮಗುವನ್ನು ಅಪಘಾತದಲ್ಲಿ ಕಳೆದುಕೊಂಡು, ನಾಳಗಳನ್ನು ಮತ್ತೆ ಜೋಡಿಸಿಕೊಂಡು 39ರಲ್ಲಿ ಬಸುರಿಯಾದ ಹಳ್ಳಿಯವಳು ಇನ್ನೊಬ್ಬಳು. ದೊಡ್ಡ ಮಗಳು ಕಾಲೇಜಿಗೆ ಹೋಗುವಾಗ ಅನಿರೀಕ್ಷಿತವಾಗಿ ಗರ್ಭ ನಿಂತ 42ರವಳು ಮತ್ತೊಬ್ಬಳು. ಈಕೆ ಮುಟ್ಟು ನಿಲ್ಲುವ ಕಾಲ ಬಂತೆಂದು ತಿಳಿದು ನಾಲ್ಕೈದು ತಿಂಗಳು ಸುಮ್ಮನಿದ್ದುಬಿಡುವುದೂ ಉಂಟು. ಮೂವರ ಕಾರ್ಡಿನ ಮೇಲೂ ಒಂದೇ ಕೆಂಪು ಚೀಟಿ ಇರುತ್ತದೆ, ಆದರೆ ಮೂವರಿಗೆ ಬೇಕಾದ ಆರೈಕೆ ಒಂದೇ ಅಲ್ಲ.

ಮೊದಲ ಪಂಥ: ವಯಸ್ಸಾಗುವುದು ಅಂಡಕ್ಕೆ

ಈ ಪಂಥದ ತಳಹದಿ ಜೀವಶಾಸ್ತ್ರ. ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಅವಳ ಅಂಡಾಣುಗಳು ರೂಪುಗೊಳ್ಳುತ್ತವೆ. ವರ್ಣತಂತುಗಳು ಜೋಡಿಯಾಗಿ ನಿಂತ ಹಂತದಲ್ಲಿ ವಿಭಜನೆ ತಡೆದು ನಿಲ್ಲುತ್ತದೆ. ಆ ಅಂಡ ಮಾಗಿ ಹೊರಬೀಳುವ ತಿಂಗಳಿನಲ್ಲಿ ಮಾತ್ರ ಅದು ಮುಂದುವರಿಯುತ್ತದೆ. 40ರ ಹೆಂಗಸಿನ ಅಂಡ 40 ವರ್ಷ ಕಾದು ಕುಳಿತದ್ದು. ಅಷ್ಟು ಕಾಲ ವರ್ಣತಂತುಗಳನ್ನು ಹಿಡಿದಿಡುವ ಕೊಹೆಸಿನ್ ಎಂಬ ಪ್ರೋಟೀನು ಸಡಿಲವಾಗುತ್ತಾ ಬರುತ್ತದೆ, ಹಂಚಿಕೆಯಲ್ಲಿ ತಪ್ಪಾಗುತ್ತದೆ.

ಇದು ಎರಡು ಸಂಗತಿಗಳನ್ನು ಚೆನ್ನಾಗಿ ವಿವರಿಸುತ್ತದೆ. ಒಂದು, ಡೌನ್ ಸಿಂಡ್ರೋಮ್. ಹುಟ್ಟುವ ಮಗುವಿಗೆ ಅದು ಇರುವ ಸಂಭವ ತಾಯಿಗೆ 20 ಇದ್ದಾಗ ಸುಮಾರು 1500ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ 100ಕ್ಕೆ ಒಂದು, 45ಕ್ಕೆ 30ಕ್ಕೆ ಒಂದು. ಎರಡು, ಗರ್ಭಪಾತ. ನಾರ್ವೆಯ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ 2019ರ ಅಧ್ಯಯನದಲ್ಲಿ 25ರಿಂದ 29ರ ವಯಸ್ಸಿನವರಲ್ಲಿ ಗರ್ಭಪಾತ ಶೇ 10ರಷ್ಟಿದ್ದರೆ, 45 ದಾಟಿದವರಲ್ಲಿ ಶೇ 53ರಷ್ಟಿತ್ತು. ಭಾರ ಎತ್ತಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ಪಪ್ಪಾಯಿ ತಿಂದದ್ದರಿಂದ ಹೀಗಾಯಿತೆಂದು ತಡವಾಗಿ ಬಸುರಾದವಳನ್ನು ದೂರುವ ಮನೆಯವರು ಈ ಅಂಕಿಯನ್ನು ತಿಳಿಯಬೇಕು. ಮೊದಲ ತಿಂಗಳುಗಳ ಬಹುಪಾಲು ಗರ್ಭಪಾತಗಳಿಗೆ ಆಕೆಯ ನಡೆ ಕಾರಣವಲ್ಲ, ವರ್ಣತಂತುವಿನ ತಪ್ಪು ಹಂಚಿಕೆಯೇ ಕಾರಣ.

ಈ ಪಂಥದಿಂದ ಹುಟ್ಟಿದ ಆರೈಕೆಯೆಂದರೆ ತಪಾಸಣೆ. 11ರಿಂದ 14ನೇ ವಾರದ ನಡುವೆ ಮಗುವಿನ ಕತ್ತಿನ ಹಿಂಭಾಗದ ನೀರಿನ ಪದರವನ್ನು ಅಳೆಯುವ ಎನ್‌ಟಿ ಸ್ಕ್ಯಾನ್, ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆ, 18ರಿಂದ 20ನೇ ವಾರದ ಹೊತ್ತಿಗೆ ಅಂಗಾಂಗಗಳ ಸ್ಕ್ಯಾನ್. ತಾಯಿಯ ರಕ್ತದಲ್ಲೇ ಮಗುವಿನ ಡಿಎನ್‌ಎ ತುಣುಕುಗಳು ತೇಲುತ್ತವೆಂದು 1997ರಲ್ಲಿ ಡೆನಿಸ್ ಲೋ ಮತ್ತವರ ಸಂಗಡಿಗರು ಕಂಡುಕೊಂಡರು. ಅದರಿಂದ ಬಂದ ಎನ್‌ಐಪಿಟಿ ಪರೀಕ್ಷೆ 2011ರಿಂದ ಬಳಕೆಯಲ್ಲಿದೆ. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ಶೇ 99ರಷ್ಟನ್ನು ಅದು ಗುರುತಿಸುತ್ತದೆ.

ಆದರೆ ಗುರುತಿಸುವುದು ಬೇರೆ, ಖಚಿತಪಡಿಸುವುದು ಬೇರೆ. ವರದಿಯಲ್ಲಿ ಅಪಾಯ ಹೆಚ್ಚು ಎಂದು ಬಂದಾಗ ಅದು ನಿಜವಾಗಿರುವ ಸಾಧ್ಯತೆ 40ರ ತಾಯಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಾದರೆ, 25ರ ತಾಯಿಯಲ್ಲಿ ಸುಮಾರು ಅರ್ಧ. ಹಾಗಾಗಿ ಗರ್ಭದ ನೀರಿನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಯಾವ ತೀರ್ಮಾನವೂ ಸಲ್ಲದು. ಅದರ ಅಪಾಯ ಈಗ ಹಿಂದಿನಷ್ಟಿಲ್ಲ. ಇನ್ನೊಂದು ಮಾತು ಕರ್ನಾಟಕಕ್ಕೆ ಮುಖ್ಯ. ಇಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರಲ್ಲಿ ಕಾಣಿಸಿಕೊಳ್ಳಬಹುದಾದ ಅನುವಂಶೀಯ ಕಾಯಿಲೆಗಳಿಗೂ ತಾಯಿಯ ವಯಸ್ಸಿಗೂ ಸಂಬಂಧವಿಲ್ಲ. ಸಾಮಾನ್ಯ ಎನ್‌ಐಪಿಟಿ ಅವನ್ನು ಹುಡುಕುವುದೂ ಇಲ್ಲ. ಎಲ್ಲ ಸರಿಯಿದೆ ಎಂಬ ವರದಿಯನ್ನು ನೆಚ್ಚಿ ಕೂರುವ ಮುನ್ನ ವಂಶದ ಇತಿಹಾಸವನ್ನು ವೈದ್ಯರಿಗೆ ಹೇಳಲೇಬೇಕು.

ಈ ಪಂಥಕ್ಕೆ ಬರುವ ನೈತಿಕ ಪ್ರಶ್ನೆಯೂ ಗಂಭೀರವಾದದ್ದು. ಅಂಗವಿಕಲರ ಹಕ್ಕುಗಳ ಪರ ನಿಂತವರು ಕೇಳುತ್ತಾರೆ: ಡೌನ್ ಸಿಂಡ್ರೋಮ್ ಇರುವ ಮಕ್ಕಳು ಓದಿ, ದುಡಿದು, ಪ್ರೀತಿಯಿಂದ ಬಾಳುತ್ತಿರುವಾಗ, ಪತ್ತೆಯಾದ ಮೇಲೆ ಗರ್ಭ ತೆಗೆಸುವುದೇ ಸಹಜ ಎಂಬಂತೆ ಮಾತಾಡುವುದು ಸರಿಯೇ? ತೀವ್ರ ದೋಷವಿದ್ದಾಗ ವೈದ್ಯಕೀಯ ಮಂಡಳಿಯ ಒಪ್ಪಿಗೆಯೊಂದಿಗೆ 24 ವಾರಗಳ ನಂತರವೂ ಗರ್ಭಪಾತಕ್ಕೆ 2021ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಪರೀಕ್ಷೆ ಬೇಡವೆನ್ನುವ ಹಕ್ಕೂ, ತಿಳಿದ ಮೇಲೆ ಮಗುವನ್ನು ಉಳಿಸಿಕೊಳ್ಳುವ ಹಕ್ಕೂ ಅಷ್ಟೇ ನಿಜ. ಆಯ್ಕೆ ದಂಪತಿಯದಾಗಿರಬೇಕು, ಒತ್ತಡ ಯಾರದೂ ಇರಬಾರದು.

ಎರಡನೆಯ ಪಂಥ: ವಯಸ್ಸಾಗುವುದು ರಕ್ತನಾಳಕ್ಕೆ

ಅಂಡದ ವಾದ ಮೊದಲ ಮೂರು ತಿಂಗಳ ಕಥೆ ಹೇಳುತ್ತದೆ. ಕೊನೆಯ ಮೂರು ತಿಂಗಳ ಕಥೆಗೆ ಅದು ಸಾಲದು. ವರ್ಣತಂತುಗಳೆಲ್ಲ ಸರಿಯಿರುವ ಬಸಿರಿನಲ್ಲೂ ವಯಸ್ಸಾದಂತೆ ರಕ್ತದೊತ್ತಡ, ಬಸಿರಿನ ನಂಜು (ಪ್ರಿಎಕ್ಲಾಂಪ್ಸಿಯಾ), ಗರ್ಭಾವಧಿಯ ಮಧುಮೇಹ, ಮಾಸು ಕೆಳಗೆ ಕೂರುವುದು, ಮಗು ಗರ್ಭದಲ್ಲೇ ತೀರಿಕೊಳ್ಳುವುದು ಹೆಚ್ಚುತ್ತವೆ. ಬಸಿರೆಂದರೆ ಹೃದಯ ಮತ್ತು ರಕ್ತನಾಳಗಳಿಗೆ ಒಂದು ಕಠಿಣ ಪರೀಕ್ಷೆ. ಪೆಡಸಾಗತೊಡಗಿದ ನಾಳಗಳು ಮಾಸಿಗೆ ಬೇಕಾದಷ್ಟು ರಕ್ತ ಒದಗಿಸಲು ಒದ್ದಾಡುತ್ತವೆ ಎಂಬುದು ಈ ಪಂಥದ ವಿವರಣೆ.

ಎರಡೂ ಪಂಥಗಳ ನಡುವಿನ ಹದ್ದನ್ನು ದಾನದ ಅಂಡ ತೋರಿಸಿಕೊಡುತ್ತದೆ. 45ರ ಹೆಂಗಸು 25ರವಳ ಅಂಡದಿಂದ ಬಸುರಿಯಾದರೆ ಗರ್ಭಪಾತ ಮತ್ತು ಡೌನ್ ಸಿಂಡ್ರೋಮಿನ ಸಂಭವ 25ರವಳದ್ದೇ ಆಗಿರುತ್ತದೆ. ನಂಜಿನ ಅಪಾಯ ಮಾತ್ರ ಇಳಿಯುವುದಿಲ್ಲ, ಸ್ವಂತ ಅಂಡದ ಬಸಿರಿಗಿಂತ ಹೆಚ್ಚೇ ಇರುತ್ತದೆ. ಅಂಡದ ವಯಸ್ಸು ಒಂದು ಅಪಾಯವನ್ನೂ ಹೊರುವ ದೇಹದ ವಯಸ್ಸು ಇನ್ನೊಂದನ್ನೂ ನಿರ್ಧರಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಆದ್ದರಿಂದ ದಾನದ ಅಂಡ ಪಡೆದವರು ಬೇರೆ ಯಾರಿಂದ ಮುಚ್ಚಿಟ್ಟರೂ ಹೆರಿಗೆ ವೈದ್ಯರಿಂದ ಮುಚ್ಚಿಡಬಾರದು. ತಪಾಸಣೆಯ ಲೆಕ್ಕದಲ್ಲಿ ದಾನಿಯ ವಯಸ್ಸನ್ನು ಹಾಕಬೇಕು, ರಕ್ತದೊತ್ತಡದ ಕಾವಲಿನಲ್ಲಿ ತಾಯಿಯ ವಯಸ್ಸನ್ನು ನೋಡಬೇಕು.

ಈ ಪಂಥ ಕೊಟ್ಟ ದೊಡ್ಡ ಕೊಡುಗೆ ಚಿಕ್ಕ ಪ್ರಮಾಣದ ಆಸ್ಪಿರಿನ್. ತಪಾಸಣೆಯಲ್ಲಿ ಹೆಚ್ಚು ಅಪಾಯ ಕಂಡವರಿಗೆ 11ರಿಂದ 14ನೇ ವಾರದಲ್ಲಿ ಆರಂಭಿಸಿ 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟ ಆಸ್ಪ್ರೆ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ದಿನ ತುಂಬುವ ಮುನ್ನವೇ ಹೆರಿಗೆ ಮಾಡಿಸಬೇಕಾಗುವಂಥ ನಂಜು ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಆದರೆ ವಯಸ್ಸೊಂದನ್ನೇ ನೋಡಿ ಕೊಡಬೇಕೆ? ಅಮೆರಿಕದ ಮಾರ್ಗಸೂಚಿ 35ನ್ನೂ ಬ್ರಿಟನ್ನಿನದು 40ನ್ನೂ ಮಧ್ಯಮ ಅಪಾಯವೆಂದು ಎಣಿಸುತ್ತವೆ. ಜೊತೆಗೆ ಚೊಚ್ಚಲ ಬಸಿರು, ಬೊಜ್ಜು, ತಾಯಿಗೋ ಅಕ್ಕತಂಗಿಗೋ ನಂಜು ಬಂದಿದ್ದ ಇತಿಹಾಸ, ಹಿಂದಿನ ಹೆರಿಗೆಯಿಂದ ಹತ್ತು ವರ್ಷಗಳ ಅಂತರ, ಇಂಥ ಇನ್ನೊಂದು ಕಾರಣವಿದ್ದರೆ ಆಸ್ಪಿರಿನ್ ಸೂಚಿಸುತ್ತವೆ. 38ರ ಚೊಚ್ಚಲ ಬಸುರಿ ಅಮೆರಿಕದ ಲೆಕ್ಕದಲ್ಲಿ ಅದಕ್ಕೆ ಅರ್ಹಳು, ಬ್ರಿಟನ್ನಿನ ಲೆಕ್ಕದಲ್ಲಿ ಅಲ್ಲ. ಅಂಗಡಿಯಿಂದ ತಾನೇ ತಂದು ನುಂಗುವ ಮಾತ್ರೆಯಂತೂ ಇದಲ್ಲ, ತೀರ್ಮಾನ ವೈದ್ಯರದಾಗಬೇಕು.

ಮೂರನೆಯ ಪಂಥ: ವಯಸ್ಸಿನ ಹಿಂದೆ ಅಡಗಿದ ಬದುಕು

ತಡವಾಗಿ ಹೆರುವವರು ಬೇರೆ ವಿಷಯಗಳಲ್ಲೂ ಉಳಿದವರಿಗಿಂತ ಭಿನ್ನರಾಗಿರುತ್ತಾರೆ. ಕೆಲವರಲ್ಲಿ ಬಂಜೆತನದ ಹಿನ್ನೆಲೆ, ಕೆಲವರಲ್ಲಿ ಬೊಜ್ಜು, ಕೆಲವರಲ್ಲಿ ಬಡತನ, ಕೆಲವರಲ್ಲಿ ಸಿರಿತನ. ಹಾಗಿರುವಾಗ ಕಂಡುಬಂದ ತೊಂದರೆಯನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುವುದು ನ್ಯಾಯವೇ ಎಂದು ಜನಸಂಖ್ಯಾ ತಜ್ಞರು ಕೇಳುತ್ತಾರೆ.

ಇದನ್ನು ಪರೀಕ್ಷಿಸಲು ಅವರು ಹಿಡಿದ ದಾರಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸುವುದು. ಫಿನ್ಲೆಂಡಿನ ದಾಖಲೆಗಳನ್ನು ಬಳಸಿದ 2017ರ ಅಧ್ಯಯನ, ತಾಯಿ ಚಿಕ್ಕವಳಿದ್ದಾಗ ಹುಟ್ಟಿದ ಮಗುವನ್ನೂ ದೊಡ್ಡವಳಾದ ಮೇಲೆ ಹುಟ್ಟಿದ ತಮ್ಮತಂಗಿಯನ್ನೂ ಎದುರುಬದುರು ಇಟ್ಟಿತು. ಹಾಗೆ ನೋಡಿದಾಗ ಕಡಿಮೆ ತೂಕ ಮತ್ತು ಅವಧಿಪೂರ್ವ ಹೆರಿಗೆಗೂ ತಾಯಿಯ ವಯಸ್ಸಿಗೂ ಇದ್ದಂತೆ ಕಂಡ ನಂಟು ಬಹುಮಟ್ಟಿಗೆ ಕರಗಿತು. ಸ್ವೀಡನ್ನಿನ ಮಾಹಿತಿಯ ಮೇಲೆ ಕೀರನ್ ಬಾರ್ಕ್ಲೇ ಮತ್ತು ಮಿಕ್ಕೊ ಮಿರ್ಸ್ಕ್ಯುಲಾ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ತಾಯಿಗೆ ವಯಸ್ಸಾದ ಮೇಲೆ ಹುಟ್ಟಿದ ಮಕ್ಕಳು ತಮ್ಮ ಅಣ್ಣ ಅಕ್ಕಂದಿರಿಗಿಂತ ಹೆಚ್ಚು ಓದಿದ್ದರು, ಎತ್ತರವೂ ಇದ್ದರು. ಅವರು ಹುಟ್ಟುವ ಹೊತ್ತಿಗೆ ದೇಶದ ಶಾಲೆ, ಆಸ್ಪತ್ರೆ, ಆಹಾರ ಎಲ್ಲವೂ ಸುಧಾರಿಸಿದ್ದವು.

ಈ ವಾದಕ್ಕೆ ಮಿತಿಯೂ ಇದೆ. ಗರ್ಭಪಾತ, ವರ್ಣತಂತು ದೋಷ, ತಾಯಿಯ ಸಾವು ಇವುಗಳಿಗೆ ಇದು ಉತ್ತರ ಕೊಡುವುದಿಲ್ಲ. ಎಲ್ಲರಿಗೂ ಒಳ್ಳೆಯ ಆರೈಕೆ ಸಿಗುವ ನಾಡುಗಳ ತೀರ್ಮಾನವನ್ನು ರಾಯಚೂರಿಗೋ ಯಾದಗಿರಿಗೋ ಹಾಗೆಯೇ ಒಯ್ಯಲೂ ಆಗುವುದಿಲ್ಲ. ಆದರೂ ಅದು ಕಲಿಸುವ ಪಾಠ ದೊಡ್ಡದು: ತೂಕ, ರಕ್ತ, ಸಕ್ಕರೆ, ಒತ್ತಡ, ಊಟ, ದುಡಿಮೆ ಇವನ್ನೆಲ್ಲ ಕೇಳದೆ ವಯಸ್ಸನ್ನು ಮಾತ್ರ ಕೇಳಿದ ವೈದ್ಯ ಅರ್ಧ ಕೆಲಸವನ್ನಷ್ಟೇ ಮಾಡಿದ್ದಾನೆ.

ನಾಲ್ಕನೆಯ ಪಂಥ: ಹಣೆಪಟ್ಟಿಯ ಹಾನಿ ಮತ್ತು ಲಾಭ

ಅಪಾಯ ಎಂಬ ಹಣೆಪಟ್ಟಿ ಅಂಟಿಸಿದೊಡನೆ ವೈದ್ಯರ ಕೈ ಶಸ್ತ್ರಚಿಕಿತ್ಸೆಯ ಕಡೆ ಬೇಗ ಹೋಗುತ್ತದೆ ಎನ್ನುತ್ತಾರೆ ನಾಲ್ಕನೆಯ ಪಂಥದವರು. ಅವರ ಆತಂಕಕ್ಕೆ ಆಧಾರವಿದೆ. ಅದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 31.5, ದೇಶದ್ದು ಶೇ 21.5. ಬಹಳ ಕಾಯ್ದು ಪಡೆದ ಮಗು, ಮತ್ತೆ ಇಂಥ ಅವಕಾಶ ಸಿಗಲಾರದು, ಸುಮ್ಮನೆ ಆಪರೇಷನ್ ಮಾಡಿಬಿಡಿ ಎಂದು ಮನೆಯವರೇ ಕೇಳುವುದುಂಟು. ವಯಸ್ಸೊಂದೇ ಸಿಸೇರಿಯನ್ನಿಗೆ ಕಾರಣವಾಗಬಾರದು. ಗರ್ಭಕೋಶದ ಮೇಲೆ ಗಾಯದ ಗುರುತು ಬಿದ್ದ ಮೇಲೆ ಮುಂದಿನ ಬಸಿರಿನಲ್ಲಿ ಮಾಸು ಆ ಗುರುತಿಗೆ ಅಂಟಿಕೊಳ್ಳುವ ಅಪಾಯ ಏರುತ್ತದೆ ಎಂಬುದನ್ನೂ ಮರೆಯಬಾರದು.

ಹಣೆಪಟ್ಟಿಯಿಂದ ಲಾಭವೂ ಉಂಟು ಎಂಬುದನ್ನು ಅಮೆರಿಕದ ಒಂದು ಅಧ್ಯಯನ 2021ರಲ್ಲಿ ತೋರಿಸಿತು. ಹೆರಿಗೆಯ ಹೊತ್ತಿಗೆ 35 ತುಂಬಲು ಕೆಲವು ತಿಂಗಳು ಉಳಿದಿದ್ದವರನ್ನೂ, ತುಂಬಿ ಕೆಲವು ತಿಂಗಳಾಗಿದ್ದವರನ್ನೂ ಅದು ಹೋಲಿಸಿತು. ಒಟ್ಟು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ. ದೇಹಸ್ಥಿತಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಇದ್ದದ್ದು ಗೆರೆ ಮಾತ್ರ. ಗೆರೆ ದಾಟಿದವರಿಗೆ ಸ್ಕ್ಯಾನ್ ಮತ್ತು ಕಾವಲು ಹೆಚ್ಚು ಸಿಕ್ಕಿತ್ತು. ಅವರ ಮಕ್ಕಳಲ್ಲಿ ಹೆರಿಗೆಯ ಆಸುಪಾಸಿನ ಸಾವು ಸಾವಿರಕ್ಕೆ ಸುಮಾರು ನಾಲ್ಕರಷ್ಟು ಕಡಿಮೆಯಿತ್ತು. ತಾಯಂದಿರ ತೀವ್ರ ತೊಂದರೆಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಗೆರೆ ಕೃತಕವಾದರೂ ಅದರ ಹೆಸರಿನಲ್ಲಿ ಸಿಕ್ಕ ಆರೈಕೆ ಮಕ್ಕಳನ್ನು ಉಳಿಸಿದಂತಿದೆ. ಇದನ್ನು ಹೀಗೂ ಓದಬೇಕು: 34ರವಳಿಗೂ ಆ ಕಾಳಜಿ ಸಿಕ್ಕಿದ್ದರೆ ಇನ್ನೂ ಕೆಲವು ಮಕ್ಕಳು ಬದುಕುತ್ತಿದ್ದವೇನೋ.

ಎಲ್ಲರೂ ಒಪ್ಪುವ ಆರೈಕೆ

ಪಂಥಗಳು ಎಷ್ಟೇ ಜಗಳವಾಡಲಿ, ಕೆಲವು ಮಾತುಗಳಲ್ಲಿ ಒಮ್ಮತವಿದೆ. ಮೊದಲನೆಯದು, ಆರೈಕೆ ಬಸಿರಿಗೆ ಮುನ್ನವೇ ಶುರುವಾಗಬೇಕು. ಬಿಪಿ, ಸಕ್ಕರೆ, ಥೈರಾಯ್ಡ್ ನೋಡಿಸಿಕೊಂಡು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಬಸಿರಿಗೆ ಒಗ್ಗುತ್ತವೆಯೇ ಎಂದು ಕೇಳಿ, ಫೋಲಿಕ್ ಆಮ್ಲ ಆರಂಭಿಸಿ ಮುಂದುವರಿಯಬೇಕು. ಕೆಲವು ಬಿಪಿ ಮಾತ್ರೆಗಳು ಮಗುವಿಗೆ ಹಾನಿಕರ ಎಂಬುದು ಬಹಳ ಮಂದಿಗೆ ತಿಳಿಯುವುದೇ ತಡವಾಗಿ.

ಎರಡನೆಯದು, ಮುಟ್ಟು ತಪ್ಪಿದೊಡನೆ ಹೆಸರು ಬರೆಸಿ, ಮೊದಲ ಮೂರು ತಿಂಗಳೊಳಗೆ ದಿನ ಗೊತ್ತುಮಾಡುವ ಸ್ಕ್ಯಾನ್ ಮಾಡಿಸಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಆ ದಿನಾಂಕದ ಮೇಲೆ ನಿಲ್ಲುತ್ತವೆ. ಅವಳಿಗಳಿದ್ದರೆ ಆಗಲೇ ತಿಳಿಯುತ್ತದೆ. ವಯಸ್ಸಾದಂತೆ ಸಹಜವಾಗಿಯೇ ಅವಳಿ ಗರ್ಭ ಹೆಚ್ಚು, ಚಿಕಿತ್ಸೆಯಿಂದ ಬಸುರಾದವರಲ್ಲಿ ಇನ್ನೂ ಹೆಚ್ಚು.

ಮೂರನೆಯದು ಸಕ್ಕರೆ ಪರೀಕ್ಷೆ. ಇದರಲ್ಲಿ ಭಾರತ ವಯಸ್ಸಿನ ಗೆರೆಯನ್ನು ಆಗಲೇ ಅಳಿಸಿದೆ. ಚೆನ್ನೈನ ಡಾ. ವಿ. ಶೇಷಯ್ಯ ಅವರ ದುಡಿಮೆಯಿಂದ ರೂಪುಗೊಂಡ ಸರಳ ಕ್ರಮವನ್ನು ರಾಷ್ಟ್ರೀಯ ಮಾರ್ಗಸೂಚಿ ಒಪ್ಪಿದೆ. ಊಟ ಮಾಡಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತದ ಸಕ್ಕರೆ 140 ಅಥವಾ ಹೆಚ್ಚಿದ್ದರೆ ಗರ್ಭಾವಧಿಯ ಮಧುಮೇಹವೆಂದು ತಿಳಿಯುವುದು. ಎಲ್ಲ ಬಸುರಿಯರಿಗೂ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಖಾಲಿ ಹೊಟ್ಟೆಯಲ್ಲಿ ಬಸ್ಸು ಹಿಡಿದು ಬರಲಾಗದ ಹಳ್ಳಿಯ ಬಸುರಿಗೆ ಇದು ದೊಡ್ಡ ಅನುಕೂಲ.

ನಾಲ್ಕನೆಯದು, ಪ್ರತಿ ಭೇಟಿಯಲ್ಲೂ ತಪ್ಪದೆ ಬಿಪಿ, ಮೂತ್ರದ ಪ್ರೋಟೀನು, ಹಿಮೋಗ್ಲೋಬಿನ್. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ಕೈ ಮುಖ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆ ನೋವು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ 9ನೇ ತಾರೀಖಿಗೆ ಕಾಯದೆ ಅಂದೇ ಹೊರಡಬೇಕು.

ಐದನೆಯದು ಬಾಣಂತನ. ಇದನ್ನು ಮಾರ್ಗಸೂಚಿಗಳಿಗಿಂತ ಮನೆಗಳು ಯೋಚಿಸಬೇಕು. 39ರ ಬಾಣಂತಿಯ ತಾಯಿಗೆ ಅರವತ್ತೈದೋ ಎಪ್ಪತ್ತೋ ಆಗಿರುತ್ತದೆ. ತವರಿನಲ್ಲಿ ಎಣ್ಣೆ ನೀರು ಹಾಕಿ, ರಾತ್ರಿ ಮಗುವನ್ನು ಎತ್ತಿಕೊಳ್ಳುವ ಕೈಗಳಿಗೆ ಶಕ್ತಿ ಇಳಿದಿರುತ್ತದೆ. ಗಂಡ ಮತ್ತು ಅವನ ಮನೆಯವರು ಹೆಗಲು ಕೊಡಬೇಕು. ಹೆತ್ತ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಿನೊಂದಿಗೆ, ಸಿಸೇರಿಯನ್ನಿನೊಂದಿಗೆ ಹೆಚ್ಚುತ್ತದೆ. ಬಾಣಂತಿ ಏಳಬಾರದು, ನೀರು ಕುಡಿಯಬಾರದು ಎಂಬ ಹಳೆಯ ಕಟ್ಟಳೆ ಇಂಥವಳ ಪಾಲಿಗೆ ಅಪಾಯಕಾರಿ. ಆಕೆ ಬೇಗ ಎದ್ದು ಓಡಾಡಬೇಕು, ಬೇಕಾದಷ್ಟು ನೀರು ಕುಡಿಯಬೇಕು.

ಹೆರಿಗೆಯ ದಿನದ ವಾದ

ಇಂದು ಹೆಚ್ಚು ಬಿಸಿಯಾಗಿರುವ ಚರ್ಚೆ ದಿನ ತುಂಬುವವರೆಗೆ ಕಾಯಬೇಕೆ ಎಂಬುದು. ಅಮೆರಿಕದ 54 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ 2006ರ ಅಧ್ಯಯನದಲ್ಲಿ 37ರಿಂದ 41ನೇ ವಾರದ ನಡುವೆ ಮಗು ಗರ್ಭದಲ್ಲೇ ತೀರಿಕೊಳ್ಳುವ ಸಂಭವ 35ರಿಂದ 39ರ ತಾಯಂದಿರಲ್ಲಿ 382ಕ್ಕೆ ಒಂದು, 40 ದಾಟಿದವರಲ್ಲಿ 267ಕ್ಕೆ ಒಂದು ಇತ್ತು. 40 ದಾಟಿದವಳ 39ನೇ ವಾರದ ಅಪಾಯ, ಇಪ್ಪತ್ತರ ನಡುಹರೆಯದವಳ 41ನೇ ವಾರದ ಅಪಾಯಕ್ಕೆ ಸಮ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2013ರಲ್ಲಿ ಹೇಳಿತು. 40 ದಾಟಿದವರಿಗೆ 39ನೇ ವಾರದಲ್ಲೇ ಹೆರಿಗೆ ಮಾಡಿಸುವಂತೆ ಅಮೆರಿಕದ ಕಾಲೇಜು 2022ರಲ್ಲಿ ಸಲಹೆ ನೀಡಿತು.

ನೋವು ಬರಿಸಿದರೆ ಸಿಸೇರಿಯನ್ ಹೆಚ್ಚುತ್ತದೆಂಬ ಭಯ ಹಳೆಯದು. ಬ್ರಿಟನ್ನಿನಲ್ಲಿ 35 ದಾಟಿದ 619 ಚೊಚ್ಚಲ ಬಸುರಿಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಶೇ 32, ಕಾದವರಲ್ಲಿ ಶೇ 33 ಸಿಸೇರಿಯನ್ ಆಯಿತು. ಭಯ ನಿಜವಾಗಲಿಲ್ಲ. ಆದರೆ ಮಗುವಿನ ಸಾವು ತಪ್ಪುತ್ತದೆಯೇ ಎಂದು ಹೇಳಲು ಆ ಸಂಖ್ಯೆ ತೀರಾ ಚಿಕ್ಕದು. ಬ್ರಿಟನ್ನಿನ ಶಿಸ್ತಿನಲ್ಲಿ ಸುರಕ್ಷಿತವಾದ ಕ್ರಮ, ಒಬ್ಬರೇ ವೈದ್ಯರು ಮೂವತ್ತು ಹೆರಿಗೆ ನೋಡುವ ವಾರ್ಡಿನಲ್ಲಿ ಅಷ್ಟೇ ಸುರಕ್ಷಿತ ಎನ್ನಲಾಗದು. ದಿನಾಂಕವೇ ತಪ್ಪಾಗಿದ್ದರೆ 39 ಎಂದು ತಿಳಿದದ್ದು 36 ಆಗಿರಬಹುದು.

ಇನ್ನೂ ಇತ್ಯರ್ಥವಾಗದ್ದು

ಗೆರೆ ಎಲ್ಲಿರಬೇಕು ಎಂಬುದು ಮೊದಲ ಪ್ರಶ್ನೆ. ಅಪಾಯ ಮೆಟ್ಟಿಲಿನಂತೆ ಏರದೆ ಇಳಿಜಾರಿನಂತೆ ಏರುತ್ತದೆ. 36ಕ್ಕೂ 46ಕ್ಕೂ ಇರುವ ಅಂತರ 34ಕ್ಕೂ 36ಕ್ಕೂ ಇರುವ ಅಂತರಕ್ಕಿಂತ ಎಷ್ಟೋ ದೊಡ್ಡದು. 35, 40, 45 ಎಂದು ಮೂರು ಹಂತಗಳಲ್ಲಿ ಆರೈಕೆಯನ್ನು ಹೆಚ್ಚಿಸುತ್ತಾ ಹೋಗಬೇಕೆಂಬ ಅಭಿಪ್ರಾಯ ಬಲಗೊಳ್ಳುತ್ತಿದೆ, ನಮ್ಮ ಕಾರ್ಡುಗಳಲ್ಲಿ ಆ ಹಂತಗಳಿಲ್ಲ.

ವಯಸ್ಸೊಂದೇ ಕಾರಣವಾಗಿ ಆಸ್ಪಿರಿನ್ ಕೊಡಬೇಕೆ, ಬೇರೆ ತೊಂದರೆಯಿಲ್ಲದ 37ರ ಬಸುರಿಗೆ ಕೊನೆಯ ವಾರಗಳಲ್ಲಿ ಮಗುವಿನ ಎದೆಬಡಿತದ ಪರೀಕ್ಷೆ ಎಷ್ಟು ಬಾರಿ ಬೇಕು ಎಂಬುದು ತೀರ್ಮಾನವಾಗಿಲ್ಲ. ಎನ್‌ಐಪಿಟಿ ಉಳ್ಳವರ ಪರೀಕ್ಷೆಯಾಗಿಯೇ ಉಳಿಯಬೇಕೆ, ಸರ್ಕಾರಿ ಆಸ್ಪತ್ರೆಗೂ ಬರಬೇಕೆ ಎಂಬುದು ಹಣದ ಪ್ರಶ್ನೆಯಷ್ಟೇ ಅಲ್ಲ. ಫಲಿತಾಂಶವನ್ನು ತಾಯಿಗೆ ಅರ್ಥವಾಗುವಂತೆ ಹೇಳುವ ಆನುವಂಶಿಕ ಸಲಹೆಗಾರರು ದೊಡ್ಡ ನಗರಗಳಾಚೆ ವಿರಳ.

ತಂದೆಯ ವಯಸ್ಸು ಇನ್ನೊಂದು ಬಾಕಿ. ತಂದೆಗೆ ಒಂದು ವರ್ಷ ಹೆಚ್ಚಾದಂತೆ ಮಗುವಿಗೆ ಸುಮಾರು ಎರಡು ಹೊಸ ಡಿಎನ್‌ಎ ರೂಪಾಂತರಗಳು ಹೆಚ್ಚಾಗಿ ದಾಟುತ್ತವೆಂದು ಐಸ್ಲೆಂಡಿನ ಅಧ್ಯಯನ 2012ರಲ್ಲಿ ತೋರಿಸಿತು. ಆದರೂ ಕಾರ್ಡಿನ ಮೇಲೆ ಕೆಂಪು ಚೀಟಿ ಬೀಳುವುದು ತಾಯಿಯ ವಯಸ್ಸಿಗೆ ಮಾತ್ರ.

ಬಂಜೆತನದ ಚಿಕಿತ್ಸೆಗೆ ವಯಸ್ಸಿನ ಮಿತಿ ಎಲ್ಲಿ ಎಂಬುದಕ್ಕೆ ಕಾನೂನು ಒಂದು ಮಟ್ಟಿಗೆ ಉತ್ತರಿಸಿದೆ. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ಹೆಣ್ಣಿಗೆ 50, ಗಂಡಿಗೆ 55ರ ಮಿತಿ ಹಾಕಿದೆ. ಆದರೆ 48ರಲ್ಲಿ ಐವಿಎಫ್ ಬಯಸುವವಳ ಹೃದಯ, ರಕ್ತನಾಳ, ಸಕ್ಕರೆಗಳನ್ನು ಎಷ್ಟು ಕೂಲಂಕಷವಾಗಿ ನೋಡಿ ಮುಂದುವರಿಯಬೇಕು ಎಂಬುದು ಇನ್ನೂ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಬದಲಾಗುತ್ತಿದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ನಮ್ಮದೇ ಮಾಹಿತಿಯದು. ಮೇಲೆ ಹೇಳಿದ ಅಂಕಿಗಳಲ್ಲಿ ಹೆಚ್ಚಿನವು ನಾರ್ವೆ, ಫಿನ್ಲೆಂಡ್, ಬ್ರಿಟನ್, ಅಮೆರಿಕದವು. ಕಡಿಮೆ ವಯಸ್ಸಿಗೇ ಸಕ್ಕರೆ ಕಾಯಿಲೆ ಬರುವ, ರಕ್ತಹೀನತೆ ಮನೆಮಾಡಿರುವ ನಮ್ಮ ಹೆಂಗಸರಲ್ಲಿ ಅಪಾಯ 35ಕ್ಕೆ ಏರುತ್ತದೆಯೋ, ಅದಕ್ಕೂ ಮೊದಲೇ ಏರುತ್ತದೆಯೋ? ತಾಯಿ ಕಾರ್ಡಿನಲ್ಲಿ ವರ್ಷ ವರ್ಷ ದಾಖಲಾಗುವ ವಯಸ್ಸು, ಬಿಪಿ, ಸಕ್ಕರೆ, ಹೆರಿಗೆಯ ಫಲಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರೆ ಉತ್ತರದ ಬಹುಪಾಲು ಅಲ್ಲೇ ಸಿಗುತ್ತದೆ. ಆರೋಗ್ಯ ಇಲಾಖೆ ಮತ್ತು ನಮ್ಮ ವೈದ್ಯಕೀಯ ಕಾಲೇಜುಗಳು ಈ ಕೆಲಸಕ್ಕೆ ಕೈಹಾಕಬೇಕು.

ಅಲ್ಲಿಯವರೆಗೆ ಓದುಗರಿಗೆ ಹೇಳಬಹುದಾದದ್ದು ಇಷ್ಟು. 35 ದಾಟಿದ ಬಹುಪಾಲು ತಾಯಂದಿರು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ಅವರನ್ನು ಹೆದರಿಸಬೇಡಿ, ದೂರಬೇಡಿ, ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಕೇಳಬೇಡಿ. ಮುಟ್ಟು ತಪ್ಪಿದ ತಿಂಗಳಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಕೊನೆಯ ತಿಂಗಳವರೆಗೂ ಜೊತೆಗಿರಿ.